ಮಲೆನಾಡಿನ ಹಿತ್ತಲಲ್ಲಿ ಕೋಳಿ, ಬಾತು ಒಟ್ಟಿಗೆ: ಗೂಡು ಕಟ್ಟುವ ಕ್ರಮ

ಕೋಳಿಗೆ ಒಣ ನೆಲ ಬೇಕು, ಬಾತಿಗೆ ನೀರಿಲ್ಲದೆ ಆಗುವುದಿಲ್ಲ. ಎರಡನ್ನೂ ಒಂದೇ ಸೂರಿನಡಿ ಸಾಕುವ ಕಷ್ಟವೆಲ್ಲ ಇಷ್ಟರಲ್ಲೇ ಇದೆ. ಬಯಲುಸೀಮೆಯಲ್ಲಾದರೆ ಬಾತು ಚೆಲ್ಲಿದ ನೀರು ಸಂಜೆಯೊಳಗೆ ಆರಿಹೋಗುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ಒಲೆ ಮೇಲಿನ ಹಗ್ಗಕ್ಕೆ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಗೂಡಿನ ನೆಲಕ್ಕೆ ಹಾಸಿದ ಹೊಟ್ಟು ಒಣಗುವುದೆಲ್ಲಿ? ಒದ್ದೆ ಹೊಟ್ಟಿನಿಂದ ಅಮೋನಿಯಾ ಏಳುತ್ತದೆ, ಕೋಳಿಯ ಕಣ್ಣು, ಶ್ವಾಸ ಕೆಡುತ್ತದೆ, ಮರಿಗಳಿಗೆ ರಕ್ತಭೇದಿ ಅಂಟುತ್ತದೆ. ಹಾಗಾಗಿ ಇಲ್ಲಿ ಕೊಡುವ ನಕ್ಷೆಯ ತಳಹದಿ ಮೂರೇ ಮಾತು: ಹಗಲು ಒಂದೇ ಅಂಗಳ, ರಾತ್ರಿ ಬೇರೆ ಬೇರೆ ಕೋಣೆ, ನೀರು ಎರಡೂ ಕೋಣೆಯಿಂದ ಹೊರಗೆ.

ಎಷ್ಟು ಹಕ್ಕಿ, ಎಷ್ಟು ಜಾಗ

ಲೆಕ್ಕಕ್ಕೆ 8 ಹೇಟೆ, 1 ಹುಂಜ, 5 ಹೆಣ್ಣು ಬಾತು, 1 ಗಂಡು ಬಾತು ಎಂದು ಇಟ್ಟುಕೊಳ್ಳೋಣ. ಮನೆ ಖರ್ಚಿಗೆ ಮಿಕ್ಕಿ ನೆರೆಮನೆಗೂ ಮೊಟ್ಟೆ ಕೊಡಬಹುದಾದ ಸಂಖ್ಯೆ ಇದು. ಒಂದು ಹಕ್ಕಿಗೆ 4 ಚದರ ಅಡಿಯಂತೆ ಹಿಡಿದರೆ ಕೋಳಿಗೆ 36, ಬಾತಿಗೆ 24, ಒಟ್ಟು 60 ಚದರ ಅಡಿ. ಅಂದರೆ 10 ಅಡಿ ಉದ್ದ, 6 ಅಡಿ ಅಗಲದ ಕಟ್ಟಡ. ಅದರಲ್ಲಿ 6×6 ಅಡಿ ಕೋಳಿಗೆ, 4×6 ಅಡಿ ಬಾತಿಗೆ. ಹಗಲು ಬಿಟ್ಟೇ ಸಾಕುವುದಾದರೆ ಇಷ್ಟು ಜಾಗ ಬೇಡ ಎನ್ನುವವರಿದ್ದಾರೆ. ಬೇಸಿಗೆಯ ಮಟ್ಟಿಗೆ ಅದು ಸರಿ. ಪುನರ್ವಸು, ಪುಷ್ಯ ಮಳೆಯಲ್ಲಿ ಕೋಳಿ ದಿನವಿಡೀ ಒಳಗೇ ಮುದುಡಿ ಕೂರುತ್ತದೆ, ಇಕ್ಕಟ್ಟಾದರೆ ಒಂದರ ಪುಕ್ಕ ಇನ್ನೊಂದು ಕೀಳಲು ಶುರು ಮಾಡುತ್ತದೆ. ಆದ್ದರಿಂದ ಅಳತೆಯನ್ನು ಮಳೆಗಾಲದ ದಿನಕ್ಕೆ ತಕ್ಕಂತೆ ಹಿಡಿಯಬೇಕು.

ಬೇಲಿ ಹಾಕಿದ ಅಂಗಳಕ್ಕೆ ಕೋಳಿಯೊಂದಕ್ಕೆ 10, ಬಾತಿಗೆ 15 ಚದರ ಅಡಿ ಬೇಕು. 10×20 ಅಡಿ ಮಾಡಿದರೆ ಸಾಕಾಗುತ್ತದೆ.

ಕಟ್ಟುವ ಕೆಲಸ ಅಡಿಕೆ ಕೊಯ್ಲು ಮುಗಿದ ಮೇಲೆ, ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಆಗಲಿ. ಹಕ್ಕಿ ತರಲು ಮಾತ್ರ ಅವಸರ ಬೇಡ. ಜೂನ್‌ನಲ್ಲಿ ಮರಿ ತಂದರೆ ಕರೆಂಟು ಹೋದಾಗಲೆಲ್ಲ ಕಾವು ತಪ್ಪುತ್ತದೆ, ಅರ್ಧ ಮರಿಯೂ ಕೈಗೆ ಹತ್ತುವುದಿಲ್ಲ. ಮಳೆ ಇಳಿದ ಮೇಲೆ ತಂದ ಮರಿ ಮುಂದಿನ ಮಳೆಗಾಲದ ಹೊತ್ತಿಗೆ ಬಲಿತಿರುತ್ತದೆ.

ತಳಿ ಆರಿಸುವಾಗ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ನಾಟಿ ಕೋಳಿ, ಗಿರಿರಾಜ, ಸ್ವರ್ಣಧಾರ ಯಾವುದೂ ಆದೀತು. ಆದರೆ ಗಿರಿರಾಜದ ಮೈ ಭಾರ, ಕೂರಲು ಎತ್ತರದ ಗಳ ಅದಕ್ಕೆ ಬೇಡ. ಮೊಟ್ಟೆಗಾಗಿ ಬಾತು ಸಾಕುವವರಿಗೆ ಖಾಕಿ ಕ್ಯಾಂಪ್‌ಬೆಲ್ ಸೂಕ್ತ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಬಾತಿನ ಮರಿಯೂ ಸಿಗುತ್ತದೆ, ಮುಂಚಿತವಾಗಿ ಕೇಳಿಟ್ಟುಕೊಳ್ಳಬೇಕು.

ಮೊದಲ ಕೆಲಸ: ಇಳಿಜಾರು ನೋಡುವುದು

ಮಲೆನಾಡಿನ ಹಿತ್ತಲು ಸಮತಟ್ಟಾಗಿರುವುದು ಅಪರೂಪ. ಅದೇ ಇಲ್ಲಿ ಅನುಕೂಲ. ಕಟ್ಟಡದ ಉದ್ದ ಇಳಿಜಾರಿನ ಗುಂಟ ಬರಲಿ, ಮೇಲಿನ ತುದಿಗೆ ಕೋಳಿ, ಕೆಳಗಿನ ತುದಿಗೆ ಬಾತು. ನೀರು ಯಾವತ್ತೂ ಬಾತಿನ ಕಡೆಯಿಂದ ಆಚೆ ಹೋಗಬೇಕೇ ಹೊರತು ಕೋಳಿಯ ಕಡೆಗೆ ಬರಬಾರದು. ಗೂಡಿನ ಹಿಂದೆ ಧರೆ (ಗುಡ್ಡ ಕಡಿದಾಗ ನಿಂತ ಮಣ್ಣಿನ ಗೋಡೆ) ಇದ್ದರೆ ಕನಿಷ್ಠ 4 ಅಡಿ ಬಿಟ್ಟು ಕಟ್ಟಿ. ಮಳೆಗಾಲದಲ್ಲಿ ಧರೆಯಿಂದ ಒಸರು ಏಳುತ್ತದೆ, ಕೆಲವೊಮ್ಮೆ ಧರೆಯೇ ಕುಸಿಯುತ್ತದೆ. ಧರೆಗೂ ಗೂಡಿಗೂ ನಡುವೆ ಒಂದು ಅಡಿ ಅಗಲ, ಒಂದು ಅಡಿ ಆಳದ ಕಾಲುವೆ ತೋಡಿ, ಮೇಲಿನ ನೀರನ್ನು ಗೂಡಿಗೆ ತಾಗದ ಹಾಗೆ ಸುತ್ತುಬಳಸಿ ಬಿಡಿ.

ಮಳೆ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಆ ಕಡೆ ಪೂರ್ತಿ ಗೋಡೆ, ಪೂರ್ವಕ್ಕೆ ತೆರೆದ ಮುಖ. ಬೆಳಗಿನ ಬಿಸಿಲೂ ಒಳಗೆ ಬೀಳುತ್ತದೆ. ಬಾವಿಯಿಂದ ದೂರ ಇರಲಿ, ಅದರಲ್ಲೂ ಬಾವಿಗಿಂತ ಮೇಲಿನ ಜಾಗ ಬೇಡವೇ ಬೇಡ.

ತಳ, ನೆಲ

ಕೆಂಪುಕಲ್ಲಿನ ಪಾಯ ಸಾಕು. ಕೋಳಿ ಕೋಣೆಯ ನೆಲ ಹೊರಗಿನ ನೆಲದಿಂದ ಒಂದೂವರೆ ಅಡಿ ಎತ್ತರ, ಬಾತಿನದು 9 ಅಂಗುಲ ಎತ್ತರ ಇರಲಿ. ಬಾತಿನ ಕೋಣೆ ತಗ್ಗಿರಬೇಕಾದ್ದಕ್ಕೆ ಕಾರಣ ಅದರ ಕಾಲು. ಬಾತು ಎತ್ತರದಿಂದ ಧುಮುಕಿದರೆ ಕಾಲು ಉಳುಕಿ ಕುಂಟಲು ಹಿಡಿಯುತ್ತದೆ. 9 ಅಂಗುಲದ ಎತ್ತರಕ್ಕೆ 3 ಅಡಿ ಉದ್ದದ ಹಲಗೆ ಇಳಿಜಾರಾಗಿ ಇಟ್ಟರೆ ಸಲೀಸಾಗಿ ಹತ್ತಿಳಿಯುತ್ತದೆ. ಹಲಗೆಗೆ ಅಡ್ಡಪಟ್ಟಿ ಹೊಡೆಯದಿದ್ದರೆ ಪಾಚಿ ಕಟ್ಟಿ ಜಾರುತ್ತದೆ.

ನೆಲಕ್ಕೆ ಸಿಮೆಂಟು ಹಾಕಿ. ಮಣ್ಣಿನ ನೆಲ ಹೆಗ್ಗಣಕ್ಕೆ ಹಾದಿ ಬಿಟ್ಟುಕೊಟ್ಟಂತೆ. ಬಾತಿನ ಕೋಣೆಯ ನೆಲಕ್ಕೆ 4 ಅಡಿಗೆ ಒಂದು ಅಂಗುಲದಂತೆ ವಾಟ ಕೊಟ್ಟು, ತಗ್ಗಿನ ಮೂಲೆಯಲ್ಲಿ 3 ಅಂಗುಲದ ಪಿವಿಸಿ ಪೈಪು ಕೂರಿಸಿ, ಬಾಯಿಗೆ ಜಾಲರಿ ಕಟ್ಟಿ. ತೊಳೆಯುವ ದಿನ ಅದರ ಬೆಲೆ ತಿಳಿಯುತ್ತದೆ. ಜಾಲರಿ ನೆಲ ಮಾಡಿ ಹಿಕ್ಕೆ ಕೆಳಗೆ ಬೀಳುವಂತೆ ಮಾಡುವ ಪದ್ಧತಿ ಕೋಳಿಗೆ ನಡೆದೀತು, ಬಾತಿಗೆ ಬೇಡ. ಅದರ ಮೆತ್ತನೆಯ ಪಾದಕ್ಕೆ ತಂತಿ ಒತ್ತಿ ಗಾಯವಾಗಿ, ಕೀವು ತುಂಬಿ ಗಂಟು ಕಟ್ಟುತ್ತದೆ.

ಗೋಡೆ, ಮಾಡು, ಗಾಳಿ

ಪಶ್ಚಿಮದ ಗೋಡೆ ಐದೂವರೆ ಅಡಿ, ಪೂರ್ವದ ಕಡೆ 7 ಅಡಿ. 6 ಅಡಿ ಅಗಲಕ್ಕೆ ಒಂದೂವರೆ ಅಡಿ ಇಳಿಜಾರು ಸಿಕ್ಕಿತು. ತಗಡಿನ ಶೀಟಿಗೆ ಇಷ್ಟು ಸಾಕು, ಮಂಗಳೂರು ಹೆಂಚಿಗೆ ಸಾಲದು. ಇಷ್ಟು ತಗ್ಗಿನ ಮಾಡಿಗೆ ಹೆಂಚು ಹೊದೆಸಿದರೆ ಗಾಳಿಮಳೆಗೆ ನೀರು ಹಿಂದಕ್ಕೆ ನುಗ್ಗುತ್ತದೆ. ಹಳೆಯ ಹೆಂಚು ಅಟ್ಟದ ಮೇಲಿದೆ ಎಂದು ಅದನ್ನೇ ಬಳಸುವುದಾದರೆ ಮಾಡು ಕಡಿದಾಗಿರಲಿ, ಹೆಂಚಿನ ಕೆಳಗೆ ಜಾಲರಿ ಬಡಿಯಿರಿ. ಪುನುಗು ಬೆಕ್ಕು ಹೆಂಚು ಸರಿಸಿ ಇಳಿಯುವುದು ಈ ಕಡೆ ಹೊಸ ಸಂಗತಿಯೇನಲ್ಲ. ಶೀಟು ಏಪ್ರಿಲ್ ಬಿಸಿಲಿಗೆ ಕಾಯುತ್ತದೆ, ಮೇಲೆ ಅಡಿಕೆ ಸೋಗೆ ಹೊದೆಸಿದರೆ ತಂಪು, ಮಳೆಯ ಸದ್ದೂ ಕಡಿಮೆ. ಪಶ್ಚಿಮಕ್ಕೆ 3 ಅಡಿ, ಉಳಿದ ಕಡೆ 2 ಅಡಿ ಮಾಡು ಹೊರಚಾಚಿರಲಿ.

ಗಾಳಿಯ ವಿಷಯದಲ್ಲಿ ಬಹಳ ಜನ ತಪ್ಪುವುದು ಚಳಿಗೆ ಹೆದರಿ. ಮಳೆಗಾಲ ಬಂತೆಂದು ಟಾರ್ಪಾಲು ಸುತ್ತಿ ಗೂಡನ್ನು ಪೆಟ್ಟಿಗೆ ಮಾಡಿಬಿಡುತ್ತಾರೆ. ಹಕ್ಕಿಗಳ ಉಸಿರು, ಹಿಕ್ಕೆಯ ತೇವ ಒಳಗೇ ಉಳಿದು ಬೆಳಿಗ್ಗೆ ಶೀಟಿನ ಒಳಮೈಯಿಂದ ಹನಿ ತೊಟ್ಟಿಕ್ಕುತ್ತದೆ. ನಮ್ಮ ಮಲೆನಾಡಿನ ಚಳಿ ಪುಕ್ಕವಿರುವ ಹಕ್ಕಿಯನ್ನು ಕೊಲ್ಲುವಷ್ಟಿಲ್ಲ, ತೇವ ಮಾತ್ರ ಕೊಲ್ಲುತ್ತದೆ. ಪೂರ್ವದ ಮುಖದಲ್ಲಿ ಕೋಳಿಯ ಕಡೆ 3 ಅಡಿ ಮೇಲಿಂದ, ಬಾತಿನ ಕಡೆ 4 ಅಡಿ ಮೇಲಿಂದ ಸೂರಿನವರೆಗೂ ಜಾಲರಿ ಇರಲಿ. ಪಶ್ಚಿಮದ ಗೋಡೆ ಮುಗಿಯುವಲ್ಲಿ, ಸೂರಿನ ಅಡಿ 6 ಅಂಗುಲ ಸಂದು ಬಿಟ್ಟು ಅದಕ್ಕೂ ಜಾಲರಿ ಬಡಿಯಿರಿ. ಇರಚಲು ಹೊಡೆಯುವ ದಿನಕ್ಕೆ ಪೂರ್ವಕ್ಕೊಂದು ಸೋಗೆ ತಟ್ಟಿ ಕಟ್ಟಿಕೊಂಡರಾಯಿತು. ಅದು ಮಳೆ ತಡೆಯುತ್ತದೆ, ಗಾಳಿ ತಡೆಯುವುದಿಲ್ಲ.

ಎರಡು ಕೋಣೆಗಳ ನಡುವಿನ ಅಡ್ಡಗೋಡೆ ಕೆಳಗೆ 2 ಅಡಿ ಹಲಗೆ ಅಥವಾ ಕಲ್ಲು, ಮೇಲೆ ಜಾಲರಿ. ಪರಸ್ಪರ ಕಾಣುತ್ತಿದ್ದರೆ ಹಗಲು ಅಂಗಳದಲ್ಲಿ ಜಗಳ ಕಡಿಮೆ.

ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಅಗ್ಗ, ಕೈಗೆ ಸಿಗುವ ಮಾಲು. ಗೋಡೆಯ ಮೇಲ್ಭಾಗಕ್ಕೆ, ಗಳಕ್ಕೆ, ಬಾಗಿಲಿಗೆ ಧಾರಾಳವಾಗಿ ಬಳಸಿ. ಆದರೆ ನೆಲಕ್ಕೆ ಊರಿದ ದಬ್ಬೆ ಒಂದೆರಡು ಮಳೆಗಾಲದಲ್ಲಿ ಕುಂಬಾಗುತ್ತದೆ, ಇಲ್ಲವೇ ವರಲೆ ತಿನ್ನುತ್ತದೆ. ನೆಲ ಮುಟ್ಟುವ ಕಂಬ ಕಲ್ಲಿನದೋ ಸಿಮೆಂಟಿನದೋ ಜಿಐ ಪೈಪೋ ಆಗಿರಲಿ.

ಕೋಣೆಯ ಒಳಗೆ

ಕೋಳಿಗೆ ಕೂರಲು 6 ಅಡಿ ಉದ್ದದ ಎರಡು ಗಳ. ಒಂದು ಹಕ್ಕಿಗೆ 10 ಅಂಗುಲದಂತೆ ಒಂಬತ್ತಕ್ಕೆ 90 ಅಂಗುಲ ಬೇಕು, ಎರಡು ಗಳದಲ್ಲಿ 144 ಅಂಗುಲ ಸಿಗುತ್ತದೆ. ಮೊದಲನೆಯದು 2 ಅಡಿ ಎತ್ತರ, ಎರಡನೆಯದು 3 ಅಡಿ, ನಡುವೆ ಒಂದೂಕಾಲು ಅಡಿ ಅಂತರ, ಗೋಡೆಯಿಂದ ಒಂದು ಅಡಿ ದೂರ. ಒಂದರ ನೇರ ಕೆಳಗೆ ಇನ್ನೊಂದು ಬಂದರೆ ಕೆಳಗಿನದರ ಬೆನ್ನೆಲ್ಲ ಹಿಕ್ಕೆ. ಗಳ 2 ಅಂಗುಲ ದಪ್ಪವಿದ್ದು ಮೇಲ್ಮೈ ನುಣುಪಾಗಿರಬೇಕು. ದಬ್ಬೆಯ ಸಿಬಿರು ಪಾದಕ್ಕೆ ಚುಚ್ಚುತ್ತದೆ, ಕೆತ್ತಿ ನಯ ಮಾಡಿ.

ಬಾತು ಗಳ ಹತ್ತುವುದಿಲ್ಲ, ನೆಲದಲ್ಲೇ ಮಲಗುತ್ತದೆ. ಎರಡನ್ನೂ ಒಂದೇ ಕೋಣೆಯಲ್ಲಿ ಕೂಡಿದರೆ ಗಳದ ಕೆಳಗಿನ ಬಾತಿನ ಮೇಲೆ ರಾತ್ರಿಯಿಡೀ ಹಿಕ್ಕೆ ಬೀಳುವುದು ಒಂದು ತೊಂದರೆ. ಬಾತುಗಳು ರಾತ್ರಿಯೂ ಎದ್ದು ಓಡಾಡುತ್ತವೆ, ಗಲಾಟೆ ಮಾಡುತ್ತವೆ. ಕತ್ತಲಲ್ಲಿ ಕಣ್ಣು ಕಾಣದ ಕೋಳಿ ಗಾಬರಿಗೆ ಗಳದಿಂದ ಬೀಳುವುದು ಇನ್ನೊಂದು.

ಕೋಳಿಗೆ ಒಂದು ಅಡಿ ಉದ್ದಗಲ ಎತ್ತರದ ಎರಡು ಮೊಟ್ಟೆ ಗೂಡು ಸಾಕು. ಗಳಕ್ಕಿಂತ ತಗ್ಗಿನಲ್ಲಿರಲಿ, ಇಲ್ಲದಿದ್ದರೆ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ. ಬಾತಿಗೆ ಕೋಣೆಯ ಕತ್ತಲ ಮೂಲೆಯಲ್ಲಿ, ನೆಲದ ಮೇಲೇ, 16 ಅಂಗುಲ ಅಗಲದ ಎರಡು ಅಂಕಣ ಮಾಡಿ ಒಣಹುಲ್ಲು ಹಾಕಿ. ಬಾತು ಮೊಟ್ಟೆ ಇಡುವುದು ಬೆಳಗಿನ ಜಾವದಿಂದ ಸುಮಾರು 9 ಗಂಟೆಯೊಳಗೆ. ಅದಕ್ಕೆ ಮೊದಲು ತೋಟಕ್ಕೆ ಬಿಟ್ಟರೆ ಮೊಟ್ಟೆ ಬಸಿಗಾಲುವೆಯ ಪಾಲು.

ಬಾತಿನ ನೀರು

ಬಾತು ಒಣ ಮೇವನ್ನು ನೀರಿಲ್ಲದೆ ನುಂಗಲಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಗಿನ ಹೊಳ್ಳೆ, ಕಣ್ಣು ತೊಳೆದುಕೊಳ್ಳಲು ತಲೆ ಮುಳುಗುವಷ್ಟು ಆಳದ ನೀರು ಬೇಕು. ಬಾಯಲ್ಲಿ ಮಣ್ಣು ತುಂಬಿಕೊಂಡು ಬಂದು ನೀರಲ್ಲಿ ಕಲಸುತ್ತದೆ, ತಲೆ ಕೊಡವಿ ನಾಲ್ಕು ಅಡಿ ದೂರ ಸಿಡಿಸುತ್ತದೆ. ಇದನ್ನು ತಡೆಯಲು ಹೋಗುವುದಕ್ಕಿಂತ ಅದಕ್ಕೊಂದು ಜಾಗ ಮಾಡಿಕೊಡುವುದೇ ವಾಸಿ.

ಬಾತಿನ ಕೋಣೆಯ ಪೂರ್ವಕ್ಕೆ 4 ಅಡಿ ಅಗಲ, 6 ಅಡಿ ಉದ್ದದ ಒಂದು ಜಾಲರಿ ಜಗಲಿ ಮಾಡಿ. ಎತ್ತರ 4 ಅಡಿ, ಮೇಲೆ ತಿರುಗಣಿ ಹಾಕಿದ ಶೀಟಿನ ಮುಚ್ಚಳ. ಕೋಣೆಯಿಂದ ಜಗಲಿಗೆ 16 ಅಂಗುಲದ ಬಾಗಿಲು. ಎರಡು ಬಾತು ಒಟ್ಟಿಗೇ ನುಗ್ಗುವುದರಿಂದ ಅಷ್ಟು ಅಗಲ ಬೇಕು. ನೆಲವನ್ನು ಒಂದು ಅಡಿ ಅಗೆದು, ತಳದಲ್ಲಿ ತಗ್ಗಿನ ಕಡೆಗೆ 4 ಅಂಗುಲದ ಪೈಪು ಇಟ್ಟು, 6 ಅಂಗುಲ ದಪ್ಪ ಜಲ್ಲಿ, ಅದರ ಮೇಲೆ 4 ಅಂಗುಲ ಸಣ್ಣ ಜಲ್ಲಿ, ಕೊನೆಗೆ 2 ಅಂಗುಲ ದಪ್ಪ ಮರಳು ಅಥವಾ ಹೊಳೆಯ ನುಣುಪು ಕಲ್ಲು ತುಂಬಿ. ಒಡೆದ ಜಲ್ಲಿಯ ಅಂಚು ಪಾದ ಕೊಯ್ಯುವುದರಿಂದ ಮೇಲೆ ಅದು ಬೇಡ. ಕೊಟ್ಟಿಗೆಯಲ್ಲಿ ಹಸು ಮಲಗಲು ಹಾಸಿ ಹಳತಾದ ರಬ್ಬರ್ ಮ್ಯಾಟಿದ್ದರೆ ಅದಕ್ಕೆ ತೂತು ಕೊರೆದು ಹಾಸಿದರೆ ಇನ್ನೂ ಒಳ್ಳೆಯದು. ಪೈಪಿನ ಇನ್ನೊಂದು ತುದಿ ಬಾಳೆ ಬುಡಕ್ಕೆ ಹೋಗಲಿ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಮೇಲಿನ ಪದರ ತೆಗೆದು ತೊಳೆಯದಿದ್ದರೆ ಜಲ್ಲಿ ಕೆಸರು ಕಟ್ಟಿ ನಾರುತ್ತದೆ.

ಕುಡಿಯುವ ನೀರಿಗೆ ಮುಚ್ಚಳವಿರುವ 20 ಲೀಟರಿನ ಬಕೆಟ್ ತೆಗೆದುಕೊಂಡು, ತಳದಿಂದ 6 ಅಂಗುಲ ಎತ್ತರದಲ್ಲಿ ಸುತ್ತಲೂ ಮೂರೂವರೆ ಅಂಗುಲ ವ್ಯಾಸದ ನಾಲ್ಕು ತೂತು ಕೊಯ್ಯಿರಿ. ತಲೆ ತೂರುತ್ತದೆ, ಮೈ ತೂರುವುದಿಲ್ಲ. ತೂತಿನ ಅಂಚನ್ನು ಬಿಸಿ ಸೌಟಿನಿಂದ ಒತ್ತಿ ಮೊಂಡು ಮಾಡಿ. ಸ್ನಾನಕ್ಕೆ ಎರಡೂವರೆ ಅಡಿ ಅಗಲ, 8-10 ಅಂಗುಲ ಆಳದ ಟಬ್ಬು ಅಂಗಳದಲ್ಲಿರಲಿ, ಒಳಗೂ ಹೊರಗೂ ಮೆಟ್ಟಿಲಿನಂತೆ ಕಲ್ಲು ಜೋಡಿಸಿ. ಒಳಗೆ ಕಲ್ಲಿಲ್ಲದ ಟಬ್ಬಿಗೆ ಬಿದ್ದ ಕೋಳಿಮರಿ ಮೇಲೆ ಬರುವುದಿಲ್ಲ. ದಿನಾ ಸಂಜೆ ಮಗುಚಿ ಹಾಕಿ. ಮಳೆಗಾಲದಲ್ಲಿ ಟಬ್ಬೇ ಬೇಡ, ಆಕಾಶವೇ ಸ್ನಾನ ಮಾಡಿಸುತ್ತದೆ.

ಕೋಳಿಯ ನೀರು, ಮೇವು ಎರಡನ್ನೂ ಒಂದೂವರೆ ಅಡಿ ಎತ್ತರದ ಕಲ್ಲುಕಟ್ಟೆಯ ಮೇಲಿಡಿ. ಕೋಳಿ ಹಾರಿ ಹತ್ತುತ್ತದೆ, ಖಾಕಿ ಕ್ಯಾಂಪ್‌ಬೆಲ್ ಕೆಳಗೆ ನಿಂತು ನೋಡುತ್ತದೆ. ಇಷ್ಟು ಮಾಡಿದರೆ ಕೋಳಿಯ ನೀರು ಸಂಜೆಯವರೆಗೂ ತಿಳಿಯಾಗಿರುತ್ತದೆ.

ರಾತ್ರಿ ಕೋಣೆಯಲ್ಲಿ ನೀರೂ ಬೇಡ, ಮೇವೂ ಬೇಡ. ಬೆಳಕು ಹರಿದ ಕೂಡಲೇ ಜಗಲಿಯ ಬಾಗಿಲು ತೆಗೆದು ಬಕೆಟ್ ಇಟ್ಟರೆ ನೀರಿಗೂ ಆಯಿತು, ಮೊಟ್ಟೆಗೆ ಕೋಣೆಯೂ ಪಕ್ಕದಲ್ಲೇ ಆಯಿತು. 9 ಗಂಟೆಗೆ ಅಂಗಳಕ್ಕೆ ಬಿಡಿ. ಮರಿಗಳಿಗೆ ಈ ನಿಯಮ ಇಲ್ಲ, ಅವಕ್ಕೆ ಮೇವಿದ್ದಷ್ಟು ಹೊತ್ತೂ ನೀರಿರಬೇಕು.

ಕಾವಲು

ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೊಡುವ ಆರು ಮೂಲೆಯ ತೆಳು ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬಾರದಂತೆ ತಡೆಯುವುದಿಲ್ಲ. ಮುಂಗುಸಿ, ಕಾಡುಬೆಕ್ಕು, ಹಾವು ಎಲ್ಲದಕ್ಕೂ ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ ಬೇಕು. ಒಂದು ಅಂಗುಲದ ಕಣ್ಣಿನಲ್ಲಿ ಮರಿ ಹಾವು ಸಲೀಸಾಗಿ ನುಗ್ಗುತ್ತದೆ. ನೆಲದಲ್ಲಿ ಮಲಗುವ ಬಾತಿಗೆ ಅಪಾಯ ಹೆಚ್ಚು ಎಂಬುದನ್ನು ಮರೆಯಬೇಡಿ.

4 ಅಡಿ ಅಗಲದ ವೆಲ್ಡ್ ಮೆಶ್ ಎಷ್ಟು ಬೇಕೆಂದರೆ: ಅಂಗಳದ ಮೂರು ಬದಿಗೆ 50 ಅಡಿ, ಕೋಣೆಗಳ ಮುಖಕ್ಕೆ 10, ಜಗಲಿಗೆ 16, ನಡುಗೋಡೆಗೆ 6, ಸಂದುಗೊಂದಿಗೆ ಇನ್ನೊಂದಿಷ್ಟು. 90 ಅಡಿ ತಂದರೆ ಮತ್ತೆ ಪೇಟೆಗೆ ಓಡಬೇಕಾಗಿಲ್ಲ. ಅಂಗಳದ ಬೇಲಿಯಲ್ಲಿ 3 ಅಡಿ ಮೇಲಕ್ಕೆ ನಿಲ್ಲಿಸಿ, ಉಳಿದ ಒಂದು ಅಡಿಯನ್ನು ಹೊರಮುಖವಾಗಿ ಮಡಚಿ ನೆಲದಲ್ಲಿ ಮಣ್ಣು ಮುಚ್ಚಿ, ಮೇಲೆ ಕಲ್ಲು ಹೇರಿ. ನಾಯಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ, ಒಂದು ಅಡಿ ಹಿಂದೆ ಸರಿದು ಕೆರೆಯುವ ಬುದ್ಧಿ ಅದಕ್ಕಿಲ್ಲ. ಅದರ ಮೇಲಿನ 3 ಅಡಿಗೆ ದೊಡ್ಡ ಕಣ್ಣಿನ ಬಲೆ ಸಾಕು. ಗಿಡುಗ ಎರಗದಂತೆ ಅಂಗಳದ ಮೇಲೆ ನೈಲಾನ್ ಬಲೆ ಕಟ್ಟಿ, ಬಿದ್ದ ಎಲೆ ಆಗಾಗ ಉದುರಿಸಿ. ಅರ್ಧ ಅಂಗಳಕ್ಕಾದರೂ ಶೀಟು ಹೊದೆಸಿದರೆ ಕೋಳಿಗೆ ಮಳೆಯಲ್ಲೂ ಕೆರೆಯಲು ಒಣ ಮಣ್ಣು ಉಳಿಯುತ್ತದೆ.

ಚಿಲಕ ಎರಡಿರಲಿ, ಒಂದು ಮೇಲೆ, ಒಂದು ಬುಡದಲ್ಲಿ. ಬಾಗಿಲಿನ ಕೆಳಮೂಲೆಯನ್ನು ಮೂತಿಯಿಂದ ಒತ್ತಿ ಸಂದು ಮಾಡಿಕೊಂಡೇ ಪ್ರಾಣಿ ಒಳಗೆ ಬರುವುದು.

ಕೋಳಿ ಮುಸ್ಸಂಜೆಗೆ ತಾನೇ ಗೂಡು ಸೇರುತ್ತದೆ, ಬಾತು ಸೇರುವುದಿಲ್ಲ, ಅಟ್ಟಿಕೊಂಡು ಬರಬೇಕು. ಹೊಸದಾಗಿ ತಂದಾಗ ಒಂದು ವಾರ ಕೋಣೆ, ಜಗಲಿ ಬಿಟ್ಟು ಆಚೆ ಬಿಡಬೇಡಿ. ಆಮೇಲೆ ದಿನಾ ಅದೇ ಹೊತ್ತಿಗೆ, ಅದೇ ಕೂಗು ಹಾಕಿ ಸಂಜೆಯ ಮೇವನ್ನು ಜಗಲಿಯಲ್ಲೇ ಕೊಟ್ಟರೆ ರೂಢಿಯಾಗುತ್ತದೆ. ಕತ್ತಲ ಬಾಗಿಲಿಗೆ ಬಾತು ಹೆದರುವುದರಿಂದ ಒಳಗೊಂದು ಸಣ್ಣ ಬಲ್ಬು ಉರಿಯುತ್ತಿರಲಿ. ಹಿಡಿಯುವಾಗ ಕೋಳಿಯಂತೆ ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ, ಕಾಲು ಮುರಿದೀತು. ರೆಕ್ಕೆ ಸಮೇತ ಮೈ ತಬ್ಬಿ ಎತ್ತಬೇಕು.

ಮೇವು

ದೊಡ್ಡ ಕೋಳಿಗೆ ದಿನಕ್ಕೆ ಸುಮಾರು 120 ಗ್ರಾಂ, ಬಾತಿಗೆ 150-170 ಗ್ರಾಂ. ತೋಟಕ್ಕೆ ಬಿಟ್ಟರೆ ಬಸವನಹುಳು, ಎರೆಹುಳು ಹೆಕ್ಕುವುದರಿಂದ ಇದಕ್ಕಿಂತ ಕಡಿಮೆ ಸಾಕಾಗುತ್ತದೆ. ನುಚ್ಚು, ತೌಡು, ಮೊಟ್ಟೆಕೋಳಿಯ ಫೀಡು ಎರಡೂ ಜಾತಿಗೆ ನಡೆಯುತ್ತದೆ. ಬಾತಿಗೆ ಮಾತ್ರ ನೀರು ಚಿಮುಕಿಸಿ ಮುದ್ದೆಯಂತೆ ಕೊಡಿ, ಪೋಲು ಕಡಿಮೆ. ಕಲಸಿ ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ.

ಬೂಸ್ಟು ಬಂದ ಮೇವಿನ ವಿಷಯದಲ್ಲಿ ರಾಜಿ ಬೇಡ. ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಕೋಳಿ ಸ್ವಲ್ಪಮಟ್ಟಿಗೆ ತಡೆದುಕೊಳ್ಳುತ್ತದೆ, ಬಾತಿನ ಮರಿ ತಡೆಯುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳ ಜೊತೆ ಬಾತಿನ ಮರಿಗಳೂ ರಾಶಿ ರಾಶಿ ಸತ್ತಾಗಲೇ, ಕೆಟ್ಟ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಪತ್ತೆಯಾದದ್ದು. ಜುಲೈ ತಿಂಗಳಲ್ಲಿ ತಿಂಗಳಿಗಾಗುವಷ್ಟು ಫೀಡು ತಂದಿಟ್ಟರೆ ಮೂಟೆಯ ತಳ ಹಸಿರುಗಟ್ಟುವುದು ಖಂಡಿತ. ಹತ್ತು ದಿನಕ್ಕಾಗುವಷ್ಟು ಮಾತ್ರ ತಂದು, ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ನೆಲದಿಂದ ಮೇಲಿಡಿ. ಹಸುವಿಗೆಂದು ತಂದ ಹಿಂಡಿ ವಾಸನೆ ತಿರುಗಿದ್ದರೆ ಬಾತಿಗೆ ಹಾಕಿ ಮುಗಿಸುವ ಯೋಚನೆ ಬೇಡ.

ಬಾತಿನ ಮರಿಗೆ ಕೋಳಿಮರಿಗಿಂತ ನಯಾಸಿನ್ ಜೀವಸತ್ವ ಹೆಚ್ಚು ಬೇಕು. ಕೋಳಿಮರಿಯ ಫೀಡನ್ನೇ ತಿಂದು ಬೆಳೆದವು ಎರಡು ಮೂರು ವಾರದಲ್ಲಿ ಕಾಲು ಬಿಲ್ಲಾಗಿ ಕುಂಟುತ್ತವೆ. ಪಶುವೈದ್ಯರನ್ನು ಕೇಳಿ ಬಿ-ಕಾಂಪ್ಲೆಕ್ಸ್ ದ್ರವವನ್ನು ಕುಡಿಯುವ ನೀರಿಗೆ ಬೆರೆಸಿ. ಕಾವಿನ ಪೆಟ್ಟಿಗೆಯೂ ಬೇರೆಯೇ ಇರಲಿ, ಬಾತಿನ ಮರಿ ನೀರು ಎರಚಿ ಕೋಳಿಮರಿಯನ್ನು ತೋಯಿಸುತ್ತದೆ, ತೋಯ್ದ ಕೋಳಿಮರಿ ಚಳಿಗೆ ಸಾಯುತ್ತದೆ.

ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧ) ಹೊಡೆಯುವ ದಿನಗಳಲ್ಲಿ ಹಕ್ಕಿಗಳನ್ನು ಅಂಗಳದಲ್ಲೇ ಕೂಡಿ. ಮೈಲುತುತ್ತ ಕಲಸಿದ ಡ್ರಮ್ಮಿನ ತಳದ ನೀರು, ಪಂಪು ತೊಳೆದ ನೀರು ನಿಂತ ಗುಂಡಿ ಕಂಡರೆ ಬಾತು ಮೊದಲು ಅಲ್ಲಿಗೇ ಹೋಗುತ್ತದೆ. ಶುಂಠಿ ಗದ್ದೆಗಂತೂ ಯಾವ ಕಾಲದಲ್ಲೂ ಬಿಡುವ ಹಾಗಿಲ್ಲ.

ಹೊಟ್ಟು

ಭತ್ತದ ಹೊಟ್ಟು ಅಥವಾ ಸಾಮಿಲ್ಲಿನ ಒಣ ಹೊಟ್ಟು ಕೋಳಿಗೆ 4 ಅಂಗುಲ, ಬಾತಿಗೆ 6 ಅಂಗುಲ. ಮಳೆಗಾಲಕ್ಕೆ ಬೇಕಾದ್ದನ್ನೆಲ್ಲ ಮೇ ತಿಂಗಳಲ್ಲೇ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿಕೊಳ್ಳಿ. ದರಗು (ಉದುರಿದ ಎಲೆ) ಚೆನ್ನಾಗಿ ಒಣಗಿದ್ದರೆ ಬಾತಿನ ಕೋಣೆಗೆ ಬಳಸಬಹುದು, ಆದರೆ ಬೇಗ ಮೆತ್ತಗಾಗುತ್ತದೆ.

ಪರೀಕ್ಷೆ ಸುಲಭ. ಒಂದು ಮುಷ್ಟಿ ಹೊಟ್ಟು ಹಿಂಡಿ ಕೈ ಬಿಡಿಸಿ. ಪುಡಿಪುಡಿಯಾಗಿ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ಕೆದಕಿ ಒಣ ಹೊಟ್ಟು ಸೇರಿಸಬೇಕು. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಅಷ್ಟನ್ನೂ ಎತ್ತಿ ಆಚೆ ಹಾಕಿ. ವಾಸನೆ ನೋಡುವಾಗ ನಿಂತು ನೋಡಿದರೆ ಸಾಲದು, ಬಾತಿನ ತಲೆಯ ಮಟ್ಟಕ್ಕೆ ಬಗ್ಗಿ. ಅಲ್ಲಿ ನಿಮ್ಮ ಕಣ್ಣು ಉರಿದರೆ ಅವು ರಾತ್ರಿಯಿಡೀ ಅದನ್ನೇ ಉಸಿರಾಡುತ್ತಿವೆ. ಮಳೆಗಾಲದಲ್ಲಿ ಬಾತಿನ ಕೋಣೆಗೆ ದಿನಾ ಒಂದು ಬುಟ್ಟಿ ಹೊಸ ಹೊಟ್ಟು, ವಾರಕ್ಕೆರಡು ಸಲ ಕೆದಕುವುದು ತಪ್ಪಬಾರದು. ನೀರು ಹಾಕಿ ಅರಳಿಸದ ಸುಟ್ಟ ಸುಣ್ಣ ಎರಚಬೇಡಿ, ಒದ್ದೆ ಪಾದ ಬೆಂದುಹೋಗುತ್ತದೆ. ತೆಗೆದ ಹೊಟ್ಟನ್ನು ಎರಡು ಮೂರು ತಿಂಗಳು ಗೊಬ್ಬರ ಗುಂಡಿಯಲ್ಲಿ ಕೊಳೆಸಿಯೇ ಅಡಿಕೆ ಬುಡಕ್ಕೆ ಹಾಕಬೇಕು.

ಗಂಡು ಬಾತು, ರೋಗ

ಒಟ್ಟಿಗೆ ಸಾಕುವಾಗ ನಿಗಾ ಬೇಕಾದ್ದು ಗಂಡು ಬಾತಿನ ಮೇಲೆ. ಹೆಣ್ಣು ಬಾತು ಕಡಿಮೆಯಿದ್ದರೆ ಅದು ಹೇಟೆಯ ಮೇಲೆ ಏರುತ್ತದೆ. ಹುಂಜಕ್ಕಿಲ್ಲದ, ಹೊರಚಾಚುವ ಜನನಾಂಗ ಗಂಡು ಬಾತಿಗಿದೆ, ಹೇಟೆಗೆ ಒಳಗೆ ಗಾಯವಾಗಿ ಸಾಯಲೂಬಹುದು. ಒಂದು ಗಂಡಿಗೆ ಐದಾರು ಹೆಣ್ಣು ಎಂಬ ಲೆಕ್ಕ ಇದಕ್ಕೇ. ಅಷ್ಟಾದರೂ ಹೇಟೆಯ ಹಿಂದೆ ಬಿದ್ದರೆ ಆ ಗಂಡನ್ನು ಇಟ್ಟುಕೊಳ್ಳಬೇಡಿ. ಮರಿ ಮಾಡಿಸುವ ಇರಾದೆ ಇಲ್ಲದಿದ್ದರೆ ಗಂಡೇ ಬೇಡ, ಮೊಟ್ಟೆ ಹೇಗೂ ಬರುತ್ತದೆ.

ಕೋಳಿಗೆ ಕೊಕ್ಕರೆ ರೋಗದ ಲಸಿಕೆ ಮೊದಲ ವಾರ, ನಾಲ್ಕನೇ ವಾರ, ಮತ್ತೆ ಎಂಟನೇ ವಾರದ ಹೊತ್ತಿಗೆ. ಬಾತಿಗೆ ಬಾತು ಪ್ಲೇಗಿನ ಲಸಿಕೆ ಎಂಟನೇ ವಾರದ ಸುಮಾರಿಗೆ. ಲಸಿಕೆಯ ಬಾಟಲಿಗಳು ನೂರಾರು ಹಕ್ಕಿಗಳ ಲೆಕ್ಕದಲ್ಲಿ ಬರುವುದರಿಂದ ಊರಿನ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸುವುದು ಸುಲಭ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯ ಇದೆ, ಸತ್ತ ಹಕ್ಕಿಯನ್ನು ಪರೀಕ್ಷೆ ಮಾಡಿಸಬೇಕಾದಾಗಲೂ ಅಲ್ಲಿಗೇ ಹೋಗಬೇಕು.

ಹಕ್ಕಿಜ್ವರದ ವೈರಸ್ಸು ಬಾತಿನಲ್ಲಿ ಯಾವ ಲಕ್ಷಣವೂ ಇಲ್ಲದೆ ಇರಬಲ್ಲದು, ಅದರಿಂದ ಕೋಳಿಗೆ ಹತ್ತಿದಾಗ ಕೋಳಿ ಉಳಿಯುವುದಿಲ್ಲ. ಗುಡವಿ, ಮಂಡಗದ್ದೆಯಂಥ ನೀರುಹಕ್ಕಿಗಳು ಸೇರುವ ಕಡೆಯ ಕೆರೆ, ಹೊಳೆಗೆ ಮನೆಯ ಬಾತನ್ನು ಬಿಡದಿರುವುದು ಈ ಕಾರಣಕ್ಕೆ. ಎರಡು ಮೂರು ದಿನದಲ್ಲಿ ಹಲವು ಕೋಳಿ ಒಟ್ಟಿಗೇ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಸಾರಿಗೆ ಹಾಕುವ ಮಾತಂತೂ ಬೇಡ. ಉಳಿದವನ್ನು ಕೂಡಿಹಾಕಿ ಪಶು ಆಸ್ಪತ್ರೆಗೆ ತಿಳಿಸಿ, ಅವರು ಬರುವವರೆಗೆ ಆ ಗೂಡಿನ ಹೊಟ್ಟು, ಗೊಬ್ಬರ ಯಾವುದನ್ನೂ ತೋಟಕ್ಕೆ ಸಾಗಿಸಬೇಡಿ.